ಬೆನ್ನ ಹಿಂದೆ ಕಟ್ಟಿಕೊಂಡ ಕೈ

ಟೀಚರಮ್ಮನ ಎರಡೂ ಕೈಗಳು ಯಾವಾಗಲೂ ಬೆನ್ನ ಹಿಂದೆ ಇರುತ್ತಿದ್ದವು. ಬಲಗೈ ಎಡಗೈಯ ಮಣಿಕಟ್ಟನ್ನು ಹಿಡಿದಿರುತ್ತಿತ್ತು. ಸುಮ್ಮನೆ ಹಿಡಿದದ್ದಲ್ಲ, ಬೀದಿಗೆ ಓಡಲು ಹೊರಟ ಮಗುವನ್ನು ತಡೆದು ಹಿಡಿದ ಹಾಗೆ ಬಿಗಿಯಾಗಿ. ಹಿಡಿದೂ ಹಿಡಿದೂ ಎಡಗೈಯ ಗಾಜಿನ ಬಳೆಗಳೆಲ್ಲ ಮೇಲಕ್ಕೆ ಸರಿದು ಮುಂಗೈಯ ನಡುವೆ ಕೂತಿರುತ್ತಿದ್ದವು. ಗಿಡ್ಡ ಆಳು, ಗಂಜಿ ಹಾಕಿದ ನೂಲಿನ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಎಷ್ಟು ಒರೆಸಿಕೊಂಡರೂ ಮೂಗಿನ ಕೆಳಗೆ ಉಳಿದೇ ಬಿಡುವ ನಶ್ಯದ ಕಲೆ.

ಮೊದಲ ಸಲ ನೋಡಿದಾಗ ನಾನು ಅವರು ಬೆನ್ನ ಹಿಂದೆ ಬೆತ್ತ ಬಚ್ಚಿಟ್ಟುಕೊಂಡಿದ್ದಾರೆ ಅಂದುಕೊಂಡೆ. ನನ್ನ ಮಗಳಿಗೂ ಅದೇ ಅನುಮಾನ ಬಂದಿರಬೇಕು. ಐದು ದಾಟಿದ ಹುಡುಗಿ, ನನ್ನ ಸೆರಗು ಬಿಟ್ಟು ಮೆಲ್ಲಗೆ ಅವರ ಹಿಂದಕ್ಕೆ ಹೋಗಿ ಇಣುಕಿ ನೋಡಿ ಬಂದು, "ಏನೂ ಇಲ್ಲಮ್ಮ, ಬರೀ ಕೈ" ಅಂದಳು. ಟೀಚರಮ್ಮ ನಗಲಿಲ್ಲ. "ನೋಡ್ಕೊಂಡ್ಯಾ? ಸರಿ ಹಾಗಾದ್ರೆ" ಅಂದು ಒಳಗೆ ಹೋದರು. ಅವಳು ನನ್ನನ್ನು ಕೇಳದೆ ಅವರ ಹಿಂದೆಯೇ ಹೋದಳು. ಹೊಸ್ತಿಲು ಎಡವಿ ಬಿದ್ದಳು ಕೂಡ. ಎತ್ತಲು ನಾನು ಮುಂದೆ ಹೋದೆ. ಟೀಚರಮ್ಮ ತಿರುಗಿ ನೋಡಿ, "ಅವ್ಳೇನಾದ್ರೂ ಕರೆದ್ಲಾ ನಿಮ್ಮನ್ನ?" ಅಂದರು. ನನಗೆ ರೇಗಿತು. ಬಿದ್ದ ಮಗುವನ್ನು ಹೆತ್ತವಳು ಎತ್ತುವುದಕ್ಕೆ ಯಾರ ಅಪ್ಪಣೆ ಬೇಕು? ಅಷ್ಟರಲ್ಲಿ ಮಗಳು ತಾನೇ ಎದ್ದು ಒಳಗೆ ಹೋಗಿಯಾಗಿತ್ತು.

ಇದು ಎಪ್ಪತ್ತರ ದಶಕದ ಮಾತು. ನಾವು ಗುಬ್ಬಿಯಲ್ಲಿದ್ದೆವು. ನಮ್ಮನೆಯವರು ಅಲ್ಲಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನಾನು ಮನೆಯಲ್ಲೇ ಅಕ್ಕಪಕ್ಕದವರಿಗೆ ರವಿಕೆ ಹೊಲಿದುಕೊಡುತ್ತಿದ್ದೆ. ಮಗಳು ಚೂಟಿ. ಕತೆ ಒಂದು ಸಲ ಕೇಳಿದರೆ ಒಪ್ಪಿಸಿಬಿಡುತ್ತಿದ್ದಳು. ಆದರೆ ಸಮ ನೆಲದಲ್ಲಿ ಬೀಳುತ್ತಿದ್ದಳು. ಲೋಟ ಹಿಡಿದರೆ ಚೆಲ್ಲುತ್ತಿತ್ತು, ಚಪ್ಪಲಿ ಅದಲುಬದಲಾಗುತ್ತಿತ್ತು, ಗುಂಡಿ ಹಾಕಿಕೊಳ್ಳಲು ಹೋದರೆ ಬೆರಳುಗಳು ಒಂದರ ಮೇಲೊಂದು ಹತ್ತಿಕೊಂಡು ಜಗಳಕ್ಕೆ ನಿಲ್ಲುತ್ತಿದ್ದವು. ತುಮಕೂರಿನ ಡಾಕ್ಟರು ಮಂಡಿಗೆ ಸುತ್ತಿಗೆಯಲ್ಲಿ ತಟ್ಟಿ ನೋಡಿ, ನರ ಮೂಳೆ ಎಲ್ಲ ಚೆನ್ನಾಗಿದೆ ಎಂದು ಟಾನಿಕ್ ಬರೆದುಕೊಟ್ಟರು. ಅತ್ತೆ ತಾಯಿತ ಕಟ್ಟಿಸಿದರು. ಇವತ್ತು ಅದಕ್ಕೊಂದು ಹೆಸರಿದೆಯಂತೆ, ಡಿಸ್‌ಪ್ರಾಕ್ಸಿಯಾ ಅಂತ. ಕೈಕಾಲು ಗಟ್ಟಿಯಿದ್ದರೂ, ಬುದ್ಧಿ ಚುರುಕಿದ್ದರೂ, ತಲೆ ಹೇಳಿದ್ದು ಕೈಗೆ ಸರಿಯಾಗಿ ತಲುಪುವುದಿಲ್ಲ. ಆಗ ನಮಗೆ ಗೊತ್ತಿದ್ದ ಹೆಸರು ಒಂದೇ, ಸೋಮಾರಿತನ. ಅದನ್ನು ಇಟ್ಟವರು ಒಂದನೇ ಕ್ಲಾಸಿನ ಮೇಷ್ಟ್ರು. ಸ್ಲೇಟಿನ ಗೆರೆಯೊಳಗೆ ಅವಳ ಅಕ್ಷರ ನಿಲ್ಲುತ್ತಿರಲಿಲ್ಲ. ಅದಕ್ಕೆ ಅವಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಬೆಂಚಿನ ಮೇಲಿಂದಲೂ ಬಿದ್ದು ಬರುತ್ತಿದ್ದಳು.

ಮೂರನೇ ತಿಂಗಳಿಗೆ ಅವಳು ಸ್ಕೂಲಿನ ಹೆಸರೆತ್ತಿದರೆ ವಾಂತಿ ಮಾಡಿಕೊಳ್ಳತೊಡಗಿದಳು. ಕತೆ ಒಪ್ಪಿಸುತ್ತಿದ್ದವಳು ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ನನಗೆ ನಿಜವಾಗಿ ಹೆದರಿಕೆಯಾದದ್ದು ಅದಕ್ಕೆ.

ಟೀಚರಮ್ಮನ ಸುದ್ದಿ ಕೊಟ್ಟವರು ತುಮಕೂರಿನಲ್ಲಿ ನಾನು ದಾರ, ಲೈನಿಂಗ್ ಬಟ್ಟೆ ಕೊಳ್ಳುತ್ತಿದ್ದ ಅಂಗಡಿಯ ಸಾಬರು. ಮಗಳು ಅವರ ಗುಂಡಿ ಡಬ್ಬ ಬೀಳಿಸಿ, ಅಂಗಡಿ ತುಂಬಾ ಗುಂಡಿ ಚೆಲ್ಲಾಡಿಹೋಗಿ, ನಾನು ಅವಳಿಗೆ ಹೊಡೆಯಲು ಕೈಯೆತ್ತಿದ್ದೆ. ಸಾಬರು ತಡೆದರು. "ಬುಡಿ ಅಮ್ಮಾ. ನಮ್ ಮೊಮ್ಮಗ ಮೂರು ವರ್ಷ ಮಾತೇ ಆಡ್ತಿರ್ಲಿಲ್ಲ. ಇಲ್ಲೊಬ್ರು ಟೀಚರಮ್ಮ ಅವ್ರೆ, ಹುಣಸೆಮರದ ಮನೆ. ಅಲ್ಲಿಗ್ ಹೋದ್ಮೇಲೆ ಈಗ ಬಾಯಿ ಮುಚ್ಸೋದೇ ಕಷ್ಟ ಆಗೈತೆ. ಒಂದ್ಸಲ ನೋಡ್ಕೊಂಡ್ ಬನ್ನಿ" ಅಂದರು.

ಅದು ಹಂಚಿನ ಹಳೇ ಮನೆ, ಹಿತ್ತಲಲ್ಲಿ ದೊಡ್ಡ ಹುಣಸೆಮರ. ಬೋರ್ಡಿಲ್ಲ, ಗಂಟೆಯಿಲ್ಲ, ಒಂದನೇ ಕ್ಲಾಸು ಎರಡನೇ ಕ್ಲಾಸು ಅಂತ ಭಾಗ ಮಾಡಿದ ಕೋಣೆಗಳಿಲ್ಲ. ಇಪ್ಪತ್ತು ಇಪ್ಪತ್ತೈದು ಮಕ್ಕಳು. ಬಂದವರು ಮೂಲೆಯಿಂದ ಒಂದು ಚಾಪೆ ತಂದು ಹಾಸಿಕೊಳ್ಳಬೇಕು, ಗೋಡೆಯ ಗೂಡಿನಲ್ಲಿರುವ ಸಾಮಾನಿನಲ್ಲಿ ತಮಗೆ ಬೇಕಾದ್ದನ್ನು ತೆಗೆದುಕೊಂಡು ಕೂರಬೇಕು. ಮರಳುಕಾಗದದಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿದ ಅಕ್ಷರಗಳಿದ್ದವು, ಬೆರಳಲ್ಲಿ ಸವರಿ ಕಲಿಯುವುದಕ್ಕೆ. ಎಣಿಸಲು ಹುಣಸೆಬೀಜ. ಸಣ್ಣ ಮೊರ, ಸಣ್ಣ ಪೊರಕೆ, ಚೊಂಬು, ಲೋಟ, ಒಂದು ಡಬ್ಬ ರಾಗಿ. ಯಾವುದನ್ನು, ಎಷ್ಟು ಹೊತ್ತು ಅನ್ನುವುದು ಮಗುವಿನ ಇಷ್ಟ. ಮುಗಿದ ಮೇಲೆ ತೆಗೆದ ಜಾಗದಲ್ಲೇ ಇಡಬೇಕು. ಟೀಚರಮ್ಮ ಕೈ ಕಟ್ಟಿಕೊಂಡು ಚಾಪೆಗಳ ನಡುವೆ ಓಡಾಡುತ್ತಿದ್ದರು. ಯಾರಾದರೂ "ಟೀಚರ್, ಇದು ಬರ್ತಾ ಇಲ್ಲ" ಅಂದರೆ ಮಾತ್ರ ಕೈ ಬಿಚ್ಚಿ ಕೂತು ನಿಧಾನವಾಗಿ ಮಾಡಿ ತೋರಿಸುತ್ತಿದ್ದರು. ಆಮೇಲೆ ಮತ್ತೆ ಕೈ ಹಿಂದಕ್ಕೆ.

ಅದೇಕೆ ಹಾಗೆ ಎಂದು ಒಂದು ದಿನ ಕೇಳಿದೆ. "ನನ್ ಕೈ ಭಾರೀ ಚುರುಕು ಕಣಮ್ಮ, ಅದೇ ತೊಂದ್ರೆ" ಅಂದರು. "ಬಿಟ್ರೆ ಮಕ್ಳ ಕೆಲ್ಸನೆಲ್ಲ ಅದೇ ಮಾಡ್ಬಿಡುತ್ತೆ. ದೊಡ್ಡ ಸ್ಕೂಲಲ್ಲಿದ್ದಾಗ ಹಂಗೇ ಮಾಡ್ತಿದ್ದೆ. ಇನ್ಸ್‌ಪೆಕ್ಟ್ರು ಬರೋ ದಿನ ನಾನೇ ಎಲ್ರ ಸ್ಲೇಟೂ ತಿದ್ದಿಡೋದು. ಅವ್ರು ಶಭಾಸ್ ಅನ್ನೋರು. ಯಾರಿಗೆ? ನಂಗೆ!"

ಗುಬ್ಬಿಯ ಮನೆ ಬಿಟ್ಟು ತುಮಕೂರಿಗೆ ಬಂದೆವು. ನಮ್ಮನೆಯವರು ದಿನಾ ರೈಲಿನಲ್ಲಿ ಗುಬ್ಬಿಗೆ ಹೋಗಿಬರತೊಡಗಿದರು. ಗೊಣಗುವ ಸ್ವಭಾವ ಅವರದ್ದಲ್ಲ. ಆದರೆ ಮಗಳು ಮೊದಲ ಒಂದೆರಡು ತಿಂಗಳು ಮಾಡಿದ್ದೇನು ಅಂದರೆ, ಒಂದು ಚೊಂಬಿನಿಂದ ಇನ್ನೊಂದು ಚೊಂಬಿಗೆ ರಾಗಿ ಸುರಿದದ್ದು. ಅರ್ಧ ಚಾಪೆಯ ಮೇಲೆ ಬೀಳುವುದು, ಒಂದೊಂದೇ ಕಾಳು ಆರಿಸಿ ತುಂಬುವುದು, ಮತ್ತೆ ಸುರಿಯುವುದು. ಒಂದು ಸಂಜೆ ರೈಲು ತಡವಾಗಿ, ದಣಿದು ಮನೆಗೆ ಬಂದು ಕೂತವರು ಕೇಳಿಯೇಬಿಟ್ಟರು. "ಅಲ್ವೇ, ರಾಗಿ ಸುರಿಯೋಕೆ ತುಮಕೂರಿಗ್ ಬರ್ಬೇಕಿತ್ತಾ? ಗುಬ್ಬಿಲಿ ರಾಗಿ ಇರ್ಲಿಲ್ವಾ?"

ಮರುದಿನ ಆ ಸಿಟ್ಟನ್ನು ಟೀಚರಮ್ಮನ ಮೇಲೆ ತೀರಿಸಿಕೊಳ್ಳಲು ಹೋದೆ. ಅವರು ತಾಯಿತಂದೆಯರನ್ನು ಗೇಟಿನಿಂದ ಒಳಗೆ ಬಿಡುತ್ತಿರಲಿಲ್ಲ. ಗೇಟಿನಲ್ಲೇ ನಿಂತು, "ಅಕ್ಷರ ಯಾವಾಗ ಟೀಚರ್?" ಅಂದೆ. ಅವರು ನಶ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಬಸ್ಸೇನಾದ್ರೂ ಹೊರಟೋಗ್ತಾ ಇದ್ಯಾ?" ಅಂದರು. ಅವರ ಮಾತೇ ಅದು. ಯಾರು ಅವಸರ ಮಾಡಿದರೂ ಅದೇ ಪ್ರಶ್ನೆ. ಮಕ್ಕಳ ಜೊತೆ ಅಷ್ಟು ತಾಳ್ಮೆಯಿದ್ದ ಹೆಂಗಸಿಗೆ ದೊಡ್ಡವರ ಜೊತೆ ಒಂದು ಚೂರೂ ಇರಲಿಲ್ಲ. ಅವರಿಂದ ಬೈಸಿಕೊಳ್ಳದ ಅಪ್ಪ ಅಮ್ಮ ಆ ಸ್ಕೂಲಿನಲ್ಲಿ ಯಾರೂ ಇರಲಿಲ್ಲ. ನಾನು ಹೊರಟಾಗ ಕರೆದು ಹೇಳಿದರು: "ಸುಮ್ನೆ ಒದ್ದಾಡೋ ಬದ್ಲು ಒಂದ್ ಕೆಲ್ಸ ಮಾಡಿ. ಹೊಲಿಗೆ ಬರುತ್ತಲ್ವಾ ನಿಮ್ಗೆ? ಕೋಟಿನ ದೊಡ್ಡ ಗುಂಡಿ ತಗೊಂಡು, ದಪ್ಪ ಬಟ್ಟೆಗೆ ಕಾಜ ಮಾಡಿ ಹೊಲ್ಕೊಡಿ. ಅವ್ಳು ರಾಗಿ ಬಿಟ್ಟು ಬೇರೆ ಮಕ್ಳ ಗುಂಡಿ ಕಡೆ ನೋಡ್ತಾ ಅವ್ಳೆ."

ಹೊಲಿದುಕೊಟ್ಟೆ. ನಾನು ಅಷ್ಟು ಅಂದವಾಗಿ ಕಾಜ ಮಾಡಿದ್ದು ನನ್ನ ಮದುವೆ ರವಿಕೆಗೂ ಅಲ್ಲ. ಆ ಬಟ್ಟೆಯನ್ನು ಮಗಳು ಆ ವರ್ಷ ಪೂರ್ತಿ ಸವೆಸಿದಳು. ಒಂದು ಬೆಳಿಗ್ಗೆ ಮನೆಯಲ್ಲಿ ತನ್ನ ಫ್ರಾಕಿನ ಗುಂಡಿಗಳನ್ನು ತಾನೇ ಹಾಕಿಕೊಂಡು ಬಂದು ನಿಂತಳು. ಒಂದು ಕಾಜ ತಪ್ಪಿ, ಫ್ರಾಕಿನ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದು, "ನಾನು ಕೇಳಿಲ್ಲ" ಅಂದಳು. ಅದೇ ಫ್ರಾಕಿನಲ್ಲಿ ಅವಳ ಜೊತೆ ಸಂತೆಗೆ ಹೋಗಿಬಂದೆ. ತರಕಾರಿಯವಳು ಕೂಡ, "ಮಗೀಗೆ ಗುಂಡಿ ನೆಟ್ಟಗೆ ಹಾಕ್ಬಾರ್ದೇನವ್ವಾ" ಅಂದಳು. ನಾನು ಬಾಯಿಗೆ ಬೀಗ ಹಾಕಿಕೊಂಡು ಬದನೆಕಾಯಿ ಆರಿಸಿದೆ. ಟೇಲರ್ ಮಗಳ ಗುಂಡಿ ಸೊಟ್ಟ ಅನ್ನಿಸಿಕೊಳ್ಳುವುದು ಸಣ್ಣ ಅವಮಾನವಲ್ಲ. ಆದರೂ ಆ ದಿನ ನನಗೆ ಆದಷ್ಟು ಸಂತೋಷ ಆಮೇಲೆ ಅವಳು ಪರೀಕ್ಷೆ ಪಾಸಾದಾಗಲೂ ಆಗಲಿಲ್ಲ.

ಇಷ್ಟರಲ್ಲಿ ಕುಣಿಗಲ್ಲಿನಿಂದ ಮಾವನವರ ತಾಕೀತು ಬಂತು. ಅವರು ರಿಟೈರಾದ ಹೆಡ್‌ಮಾಸ್ಟರು. ಅವರ ಕೈಬರಹಕ್ಕೆ ತಾಲ್ಲೂಕಿನಲ್ಲೇ ಹೆಸರು. ಅವರ ಶಿಷ್ಯರು ಇವತ್ತಿಗೂ ಬೆರಳಿನ ಗಂಟು ತೋರಿಸಿ ಅವರ ರೂಲುದೊಣ್ಣೆಯನ್ನು ನೆನೆಯುತ್ತಾರೆ. ಮೊಮ್ಮಗಳು ಎರಡು ವರ್ಷವಾದರೂ ಸ್ಲೇಟು ಹಿಡಿದಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರು. "ಮಗೀನ ಕುಣಿಗಲ್‌ಗೆ ಕಳ್ಸು. ನಾನು ಆರು ತಿಂಗ್ಳಲ್ಲಿ ದಾರಿಗೆ ತರ್ತೀನಿ" ಎಂದು ಮಗನಿಗೆ ಹೇಳಿದರು. ನಮ್ಮನೆಯವರು ಜೀವಮಾನದಲ್ಲಿ ಅಪ್ಪನಿಗೆ ಎದುರಾಡಿದವರಲ್ಲ. ಕುಣಿಗಲ್ಲಿಗೆ ಹೋದರೆ ಮಗಳು ಮತ್ತೆ ಬಾಯಿ ಮುಚ್ಚುತ್ತಾಳೆ ಅನ್ನುವುದು ನನಗೆ ಖಂಡಿತವಾಗಿತ್ತು. ಕೊನೆಗೆ ನಮ್ಮನೆಯವರು, "ಒಂದ್ಸಲ ಬಂದು ಸ್ಕೂಲ್ ನೋಡಿ ಅಪ್ಪಾಜಿ, ಆಮೇಲೆ ನೀವ್ ಹೇಳ್ದಂಗೆ" ಎಂದು ಒಪ್ಪಿಸಿದರು.

ಟೀಚರಮ್ಮನಿಗೆ ಮೊದಲೇ ಎಲ್ಲ ವಿವರಿಸಿ, ಅವತ್ತೊಂದು ದಿನ ಅವಳ ಕೈಯಲ್ಲಿ ಚೆನ್ನಾಗಿ ಬರುವ ಕೆಲಸ ಮಾಡಿಸಿ ಎಂದು ಬೇಡಿಕೊಂಡೆ. "ನಾನು ಮಾಡ್ಸಲ್ಲ. ಅವ್ಳಿಗೆ ಏನ್ ಬೇಕೋ ಅವ್ಳು ಮಾಡ್ತಾಳೆ" ಅಂದರು. ನನಗೆ ಅಳು ಬಂತು. ಅದಕ್ಕೂ ಅವರು ಕರಗಲಿಲ್ಲ.

ಆ ಸ್ಕೂಲಿನಲ್ಲೊಂದು ಪದ್ಧತಿಯಿತ್ತು. ಯಾರೇ ಹೊರಗಿನವರು ಬಂದರೂ ಅವರಿಗೆ ಮಜ್ಜಿಗೆ ಕೊಡುವುದು ಮಕ್ಕಳ ಕೆಲಸ. ಯಾರು ಕೊಡಬೇಕು ಎಂದು ಟೀಚರಮ್ಮ ಹೇಳುತ್ತಿರಲಿಲ್ಲ, ಮನಸ್ಸಿದ್ದವರು ಏಳಬೇಕು. ಮಾವನವರು ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಕೊಡೆ ಹಿಡಿದು ಬಂದು, ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತರು. ಅವತ್ತೊಂದು ದಿನ ಟೀಚರಮ್ಮ ಅವರ ಜೊತೆ ನನ್ನನ್ನೂ ಗೇಟಿನೊಳಗೆ ಬಿಟ್ಟಿದ್ದರು. "ಇದೇನ್ ಸ್ಕೂಲೋ ಅಡುಗೆಮನೆಯೋ" ಅಂದರು, ಎಲ್ಲರಿಗೂ ಕೇಳುವಂತೆ. ಅಷ್ಟರಲ್ಲಿ ಒಂದು ಚಾಪೆಯಿಂದ ನನ್ನ ಮಗಳು ಎದ್ದಳು. ಇಪ್ಪತ್ತು ಮಕ್ಕಳಲ್ಲಿ ಲೋಟ ಹಿಡಿದು ನಡೆಯಬಾರದವಳು ಯಾರಾದರೂ ಇದ್ದರೆ ಅವಳೇ.

ತುಂಬಿದ ಸ್ಟೀಲ್ ಲೋಟ ಹಿಡಿದುಕೊಂಡು, ನಾಲಿಗೆ ಕಚ್ಚಿಕೊಂಡು ಬಂದಳು. ತಾತನ ಮುಂದೆ ಬರುವವರೆಗೂ ಅಷ್ಟಾಗಿ ಚೆಲ್ಲಲಿಲ್ಲ. ಮುಂದೆ ಬಂದು ನಿಂತವಳು ಮುಖವೆತ್ತಿ ನೋಡಿ ನಕ್ಕಳು, ಅಷ್ಟೇ. ಮಜ್ಜಿಗೆ ಪೂರಾ ಪಂಚೆಯ ಮೇಲೆ. ಒಗ್ಗರಣೆಯ ಕರಿಬೇವು ಕೂಡ.

ಮಾವನವರು ಕುರ್ಚಿಯಿಂದ ಅರ್ಧ ಎದ್ದರು. ನಾನು ಸೆರಗಿನಿಂದ ಒರೆಸಲು ಓಡಿದೆ. "ಇಬ್ರೂ ಸ್ವಲ್ಪ ಸುಮ್ನಿರಿ" ಅಂದರು ಟೀಚರಮ್ಮ. ತಾಲ್ಲೂಕಿನ ಮೇಷ್ಟ್ರುಗಳನ್ನೆಲ್ಲ ಸುಮ್ಮನಿರಿಸಿದ್ದ ಮಾವನವರಿಗೆ ಹಾಗೆ ಹೇಳಿದವರು ಹಿಂದೆ ಯಾರೂ ಇರಲಾರರು. ಅವರು ಬೆರಗಾಗಿ ಕೂತುಬಿಟ್ಟರು. ನಾನು ಟೀಚರಮ್ಮನ ಬೆನ್ನ ಕಡೆ ನಿಂತಿದ್ದೆ. ಅವರ ಬಲಗೈ ಎಡಮಣಿಕಟ್ಟನ್ನು ಹಿಂಡುತ್ತಿತ್ತು, ಬಳೆಗಳು ಚರ್ಮಕ್ಕೆ ಒತ್ತಿ ಕೆಂಪು ಗುರುತು ಮೂಡಿತ್ತು. ಆಗ ನನಗೆ ಗೊತ್ತಾಯಿತು, ಸುಮ್ಮನಿರುವುದು ಅವರಿಗೂ ನನ್ನಷ್ಟೇ ಕಷ್ಟ ಎಂದು.

ಮಗಳು ಅಳಲಿಲ್ಲ. ಮೂಲೆಯಿಂದ ಒರೆಸುವ ಬಟ್ಟೆ ತಂದು ಒಂದನ್ನು ತಾತನ ಕೈಗೆ ಕೊಟ್ಟಳು, ಇನ್ನೊಂದರಲ್ಲಿ ನೆಲ ಒರೆಸಿದಳು. ಲೋಟ ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚಿಸುತ್ತ ನಿಂತಳು. ಆಮೇಲೆ ಹೋಗಿ ಲೋಟವನ್ನು ಅದರ ಜಾಗದಲ್ಲಿಟ್ಟು, ತಾನು ದಿನವೂ ರಾಗಿ ಸುರಿಯುತ್ತಿದ್ದ ಚೊಂಬನ್ನು ತೆಗೆದು, ತೊಳೆದು, ಅದಕ್ಕೆ ಅರ್ಧದಷ್ಟೇ ಮಜ್ಜಿಗೆ ಹಾಕಿಕೊಂಡು, ಎರಡು ಕೈಯಲ್ಲೂ ಎದೆಗೆ ಅವಚಿಕೊಂಡು ಬಂದಳು. ಈ ಸಲ ತಾತನ ಮುಖ ನೋಡಲಿಲ್ಲ, ಚೊಂಬನ್ನೇ ನೋಡುತ್ತಿದ್ದಳು. ಮಾವನವರು ತಗೊಳ್ಳಲು ಕೈ ಚಾಚಿದರು. "ಅವ್ಳು ಕೊಡೋವರ್ಗೂ ತಗೋಬೇಡಿ ಸಾರ್" ಅಂದರು ಟೀಚರಮ್ಮ. ಕೈ ಅಲ್ಲೇ ನಿಂತಿತು. ಮಗಳು ಚೊಂಬನ್ನು ಆ ಕೈಗಳಲ್ಲಿ ಇಟ್ಟಳು. ಒಂದು ಹನಿ ಚೆಲ್ಲಲಿಲ್ಲ.

ಮಾವನವರು ಮಜ್ಜಿಗೆ ಕುಡಿದರು. ಚೊಂಬು ಕೆಳಗಿಟ್ಟು ಕೇಳಿದರು: "ಚೊಂಬಲ್ ತಾ ಅಂತ ಯಾರಮ್ಮ ಹೇಳ್ಕೊಟ್ಟಿದ್ದು?"

"ಯಾರೂ ಇಲ್ಲ ತಾತ. ಲೋಟ ನನ್ ಮಾತು ಕೇಳಲ್ಲ. ಚೊಂಬು ಕೇಳುತ್ತೆ."

ಅವರು ಒದ್ದೆ ಪಂಚೆ ಒಣಗುವವರೆಗೂ ಕೂತು ಮಕ್ಕಳನ್ನು ನೋಡುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಮಗನಿಗೆ, "ಇರ್ಲಿ ಬುಡ್ಲಾ. ನಾಲ್ಕನೇ ಕ್ಲಾಸ್‌ಗಂಟ ಇಲ್ಲೇ ಓದ್ಲಿ. ಆ ಯಮ್ಮನ ಬಾಯಿ ಮಾತ್ರ ಜೋರು" ಅಂದರು. ಮುಂದಿನ ಸಲ ಬಂದಾಗ ಮೊಮ್ಮಗಳಿಗೆ ಸ್ಲೇಟು ತರಲಿಲ್ಲ, ಒಂದು ಹಿತ್ತಾಳೆ ಚೊಂಬು ತಂದರು.

ಅಕ್ಷರ ಬಂತು. ಮರಳುಕಾಗದದ ಮೇಲೆ, ಮೊರದಲ್ಲಿ ಹರಡಿದ ರಾಗಿಯ ಮೇಲೆ, ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಷ್ಟಿಷ್ಟು ದೊಡ್ಡದಾಗಿ. ಕಾಗದಕ್ಕೆ ಇಳಿಯಲು ಬಹಳ ಕಾಲ ಬೇಕಾಯಿತು. ಇಳಿದ ಮೇಲೂ ಅಕ್ಷರ ದಪ್ಪ, ನಿಧಾನ. ಐದನೇ ಕ್ಲಾಸಿಗೆ ಸೇರಿಸಲು ಬೇರೆ ಸ್ಕೂಲಿಗೆ ಹೋಗುವಾಗ ಜೊತೆಗೆ ಬನ್ನಿ, ಹೆಡ್‌ಮಿಸ್ಸಿಗೆ ಒಂದು ಮಾತು ಹೇಳಿ ಎಂದು ಟೀಚರಮ್ಮನನ್ನು ಕರೆದೆ. "ಅವ್ಳು ಕರೀಲಿ, ಬರ್ತೀನಿ" ಅಂದರು. ಮಗಳು ಕರೆಯಲಿಲ್ಲ. ಹೊಸ ಸ್ಕೂಲಿನಲ್ಲಿ ನಾನೊಬ್ಬಳೇ ಹೊರಗೆ ಕಿಟಕಿಯ ಹತ್ತಿರ ನಿಂತಿದ್ದೆ. ಹೆಡ್‌ಮಿಸ್ಸು ಉಕ್ತಲೇಖನ ಕೊಡತೊಡಗಿದರು. ಎರಡನೇ ವಾಕ್ಯಕ್ಕೇ ಇವಳು ಹಿಂದೆ ಬಿದ್ದಳು. ಪೆನ್ಸಿಲ್ ಕೆಳಗಿಟ್ಟು ಎದ್ದು ನಿಂತು, "ಮಿಸ್, ನನ್ ಕೈ ನಿಧಾನ. ಎಲ್ಲ ಬರುತ್ತೆ ನಂಗೆ. ಸ್ವಲ್ಪ ನಿಲ್ಸಿ ನಿಲ್ಸಿ ಹೇಳ್ತೀರಾ?" ಅಂದಳು. ಆಕೆ ಕನ್ನಡಕದ ಮೇಲಿಂದ ಒಂದು ಕ್ಷಣ ನೋಡಿ, ನಿಲ್ಲಿಸಿ ನಿಲ್ಲಿಸಿ ಹೇಳಿದರು. ಕೇಳುವವರೆಗೂ ಕೈ ಹಾಕಬಾರದು ಅನ್ನುವ ನಿಯಮ ನಮ್ಮಂಥ ದೊಡ್ಡವರನ್ನು ತಡೆಯುವುದಕ್ಕೆ ಎಂದೇ ನಾನು ಅಷ್ಟು ವರ್ಷ ತಿಳಿದಿದ್ದೆ. ಬೇಕಾದ್ದನ್ನು ನಾಚದೆ ಕೇಳುವುದನ್ನು ಅವಳಿಗೆ ಕಲಿಸಿದ್ದೂ ಅದೇ.

ಅವಳ ಕೈ ಸರಿಹೋಯಿತು ಅಂತ ಯಾರೂ ತಿಳಿಯಬಾರದು. ಇವತ್ತಿಗೂ ಅವಳಿಗೆ ಸೈಕಲ್ ಬರುವುದಿಲ್ಲ. ಸೂಜಿಗೆ ದಾರ ಪೋಣಿಸಲು ನನ್ನನ್ನೇ ಕೇಳುತ್ತಾಳೆ. ಕೇಳುತ್ತಾಳಲ್ಲ, ಅದೇ ಸಾಕು.

ಅವಳು ಹೈಸ್ಕೂಲಿನಲ್ಲಿರುವಾಗ ಟೀಚರಮ್ಮ ವಯಸ್ಸಾಯಿತೆಂದು ಸ್ಕೂಲು ಮುಚ್ಚಿ, ಹುಟ್ಟೂರು ಹುಲಿಯೂರುದುರ್ಗಕ್ಕೆ ತಮ್ಮನ ಮನೆಗೆ ಹೋದರು. ಅವರಿಗೆ ಲಕ್ವ ಹೊಡೆದಿದೆ ಎಂದು ಸಾಬರ ಅಂಗಡಿಯಲ್ಲೇ ನನಗೆ ತಿಳಿದದ್ದು. ಮಗಳು ಆಗ ಪಿಯುಸಿ. ಇಬ್ಬರೂ ನೋಡಲು ಹೋದೆವು. ಅದೇ ಕೊನೆ. ಆ ವರ್ಷದ ದೀಪಾವಳಿಗೆ ಅವರು ಇರಲಿಲ್ಲ.

ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಆ ಕೈಯನ್ನು ಮುಂದುಗಡೆ, ಹಾಗೆ ನಿಶ್ಚಲವಾಗಿ ನಾನು ಎಂದೂ ನೋಡಿರಲಿಲ್ಲ. ತಮ್ಮನ ಹೆಂಡತಿ ಒಳ್ಳೆಯ ಹೆಂಗಸು. ಉಣಿಸುವುದು, ಕುಡಿಸುವುದು, ಬಾಯಿ ಒರೆಸುವುದು, ಎಲ್ಲ ತಾವೇ ಮಾಡುತ್ತಿದ್ದರು. ನಮಗೆ ಕಾಫಿ ಕೊಟ್ಟು, ಟೀಚರಮ್ಮನಿಗೆ ಲೋಟದಲ್ಲಿ ಗಂಜಿ ತಂದು ಬಾಯಿಗೆ ಹಿಡಿದರು. ಟೀಚರಮ್ಮ ಮುಖ ತಿರುಗಿಸಿದರು. ಎಡಗೈ ಎತ್ತಿ ಲೋಟ ಹಿಡಿಯಲು ಹೋದರು. ಲೋಟ ವಾಲಿತು, ಸೀರೆ ನೆನೆಯಿತು.

"ದಿನಾ ಇದೇ ಹಟ ಕಣಮ್ಮ, ಅತ್ತಿಗೇದು" ಎಂದು ಆಕೆ ಮತ್ತೆ ಲೋಟ ಬಾಯಿಗೆ ಹಿಡಿಯಲು ಹೋದರು.

ಮಗಳು ಎದ್ದು ನಿಂತಳು. "ಆಂಟಿ, ಅವ್ರು ಕೇಳಿಲ್ಲ" ಅಂದಳು. ಮೆತ್ತಗೇ ಹೇಳಿದಳು. ಅಡುಗೆಮನೆಗೆ ಹೋಗಿ ಒಂದು ಚೊಂಬು ಹುಡುಕಿ, ಅರ್ಧ ಗಂಜಿ ಹಾಕಿ ತಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು. ತರುವಾಗ ಸ್ವಲ್ಪ ಚೆಲ್ಲಿಕೊಂಡಳು. ಆಮೇಲೆ ಹಿಂದೆ ಸರಿದು, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

ಟೀಚರಮ್ಮ ಅವಳನ್ನೇ ನೋಡಿದರು. ಎಡಗೈಯನ್ನು ಚೊಂಬಿನ ಹತ್ತಿರ ತಂದರು. ಬೆರಳು ಜಾರಿತು. ಮತ್ತೆ ತಂದರು. ಹೊರಗೆ ಕುಣಿಗಲ್ ಬಸ್ಸು ಹಾರನ್ ಹಾಕತೊಡಗಿತ್ತು. ಅದು ಬಿಟ್ಟರೆ ಅವತ್ತಿಗೆ ಬೇರೆ ಬಸ್ಸಿಲ್ಲ ಎಂದು ತಮ್ಮನ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದರು. ನಾನು ಮಗಳ ಕಡೆ ನೋಡಿದೆ. ಅವಳು ಅಲುಗಲಿಲ್ಲ. ನಾನು ಅವಳ ಹಿಂದೆಯೇ ಇದ್ದೆ. ಅವಳ ಬಲಗೈ ಎಡಮಣಿಕಟ್ಟನ್ನು ಹಿಂಡುತ್ತಿತ್ತು.

ಟೀಚರಮ್ಮ ಚೊಂಬಿನ ಕಂಠಕ್ಕೆ ಬೆರಳು ಸಿಕ್ಕಿಸಿ, ಎದೆಗೆ ಒತ್ತಿ ಹಿಡಿದು, ತಲೆ ಬಗ್ಗಿಸಿ ಕುಡಿದರು. ಗಲ್ಲದ ಮೇಲೆ ಇಳಿದದ್ದನ್ನು ಯಾರೂ ಒರೆಸಲಿಲ್ಲ. ಅಷ್ಟರಲ್ಲಿ ಬಸ್ಸು ಹೊರಟು, ಅದರ ಸದ್ದು ಊರಾಚೆಗೆ ಹೋಗಿತ್ತು. ಅವರು ಚೊಂಬು ಇಟ್ಟು, ದಪ್ಪವಾದ ನಾಲಿಗೆಯಲ್ಲಿ ಒಂದೊಂದೇ ಮಾತು ಕೂಡಿಸಿ, "ಈಗ... ಕೈ ಕೊಡು... ಏಳ್ಬೇಕು" ಅಂದರು.

ಮಗಳು ಕೈ ಬಿಚ್ಚಿ ಕೊಟ್ಟಳು.